ಪದ ತಮ್ಮಣ್ಣನದು, ಮಾತು ಊರಿನದು

ತುಕ್ಕಾನಟ್ಟಿ ಅಂದರೆ ಈಗಿನವರಿಗೆ ಕಬ್ಬು ನೆನಪಾಗುತ್ತದೆ, ಅಲ್ಲಿನ ಕೃಷಿ ವಿಜ್ಞಾನ ಕೇಂದ್ರ ನೆನಪಾಗುತ್ತದೆ. ನನಗೆ ಮಾತ್ರ ಆ ಸೀಮೆಯೆಂದರೆ ಪಾರಿಜಾತದ ಬಯಲಾಟ. ಅಪರಾಳ ತಮ್ಮಣ್ಣ ಬರೆದ ಆಟವನ್ನು ಅದೇ ಗೋಕಾಕ ಸೀಮೆಯ ಕುಲಗೋಡದಲ್ಲಿದ್ದ ಇನ್ನೊಬ್ಬ ತಮ್ಮಣ್ಣ ಕೈಗೆತ್ತಿಕೊಂಡು, ತಿದ್ದಿ ತೀಡಿ, ಊರೂರಿಗೂ ಹಬ್ಬಿಸಿದ. ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಮುನಿಸಿಕೊಂಡಳು. ಕಥೆ ಇಷ್ಟೇ. ಅದನ್ನಾಡಲು ಒಂದಿಡೀ ರಾತ್ರಿ ಬೇಕು, ಬೆಳಗಾದಾಗ ಇನ್ನೂ ಒಂದು ತಾಸು ಇರಬಾರದಿತ್ತೇ ಅನ್ನಿಸುತ್ತದೆ.

ಆಡುವವರು ಯಾರು? ಹಗಲು ಹೊಲದಲ್ಲಿ ನೀರು ಹಾಯಿಸಿದವರು, ಅಂಗಿ ಹೊಲಿದವರು, ಕಿರಾಣಿ ಅಂಗಡಿಯಲ್ಲಿ ತಕ್ಕಡಿ ಹಿಡಿದವರು. ಸುಗ್ಗಿ ಮುಗಿದು ರಾಶಿ ಮನೆ ಸೇರಿದ ಮೇಲೆ ಗುಡಿಯ ಕಟ್ಟೆಯಲ್ಲಿ ತಾಲೀಮು. ಇಂಥ ಮೇಳದ ಇತಿಹಾಸ ಬರೆಯಹೊರಟವನಿಗೆ ದಫ್ತರ ಸಿಗುವುದಿಲ್ಲ. ಆ ಇತಿಹಾಸ ಆಟದ ಮಾತಿನಲ್ಲೇ ಇದೆ. ಹಾಡುವ ಪದಗಳು ತಮ್ಮಣ್ಣನವು, ಅವನ್ನು ಕಟ್ಟುನಿಟ್ಟಾಗಿ ಉಳಿಸಿಕೊಳ್ಳುತ್ತಾರೆ. ಒಂದು ಪದಕ್ಕೂ ಇನ್ನೊಂದಕ್ಕೂ ನಡುವೆ ಬರುವ ಮಾತು ಮಾತ್ರ ಊರಿನ ಸೊತ್ತು. ಅಜ್ಜ ಸೇರಿಸಿದ ಚೇಷ್ಟೆಯೊಂದು, ಅಪ್ಪ ಜೋಡಿಸಿದ ಕುಟುಕೊಂದು, ಮೊನ್ನೆ ಕಾರ್ಖಾನೆಯವರು ಕಬ್ಬಿನ ಬಿಲ್ಲು ತಡಮಾಡಿದ್ದಕ್ಕೆ ಮಗ ಹಾಕಿದ ಚಾಟಿಯೊಂದು. ತಲೆಮಾರುಗಳ ನಗೆ ಒಂದರ ಮೇಲೊಂದು ಕೂತಿರುತ್ತದೆ, ಕೇಳುವ ಕಿವಿಗೆ ಪದರು ಪದರಾಗಿ ಸಿಗುತ್ತದೆ.

ಈ ಮಾತಿನ ಒಡೆಯ ಭಾಗವತ. ಅವನ ಕೆಲಸ ನೋಡುವುದೇ ಒಂದು ಸುಖ! ಕತೆ ನಡೆಸುವವನೂ ಅವನೇ, ದೂತನೂ ಅವನೇ, ಸತ್ಯಭಾಮೆಯ ಸಖಿಯೂ ಅವನೇ. ವೇಷ ಬದಲಿಸಲು ಒಳಗೆ ಓಡುವುದಿಲ್ಲ. ಹೆಗಲ ಮೇಲಿನ ಶಲ್ಯದ ತುದಿಯನ್ನು ತಲೆಗೆ ಎಳೆದುಕೊಂಡು, ಕುತ್ತಿಗೆಯನ್ನು ತುಸು ಓರೆ ಮಾಡಿದನೋ, ಸಖಿ. ಶಲ್ಯ ಹೆಗಲಿಗೆ ಜಾರಿತೋ, ಮತ್ತೆ ಭಾಗವತ. ನಾನು ಕಂಡ ಒಬ್ಬ ಮುದಿ ಭಾಗವತನಿಗೆ ಪೊದೆಮೀಸೆಯಿತ್ತು. ಆ ಮೀಸೆಯ ಸಖಿ ಸೆರಗು ಕಚ್ಚಿ ನಾಚಿದಾಗ ಮುಂದೆ ಕೂತ ಹೆಂಗಸರೆಲ್ಲ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆದರೂ ಮರುಗಳಿಗೆ ಅವನು “ಯಾಕವ್ವಾ, ಮಾರಿ ಸಣ್ಣ ಮಾಡಿ?” ಎಂದು ಮೆಲ್ಲಗೆ ಕೇಳಿದ್ದೇ ತಡ, ಇಡೀ ಅಂಗಳ ಸುಮ್ಮನಾಯಿತು.

ಆಗ ಸತ್ಯಭಾಮೆ ಹಾಡಿಗೆ ಅನುವಾಗುತ್ತಾಳೆ. ಹಾರ್ಮೋನಿಯಂ ಮಾಸ್ತರ ಏರುಶ್ರುತಿಯಲ್ಲಿ ಸ್ವರವೊಂದನ್ನು ಒತ್ತಿ ಹಿಡಿಯುತ್ತಾನೆ. ಆಕೆ ತಟ್ಟನೆ ಎತ್ತಿಕೊಳ್ಳುವುದಿಲ್ಲ. ಸೆರಗು ಸರಿಪಡಿಸುತ್ತಾಳೆ. ಬಳೆ ಹಿಂದಕ್ಕೆ ಸರಿಸುತ್ತಾಳೆ. ಕೃಷ್ಣನಿದ್ದ ಕಡೆಗೆ ಒಮ್ಮೆ, ಅರ್ಧ ಕಣ್ಣಿನಲ್ಲಿ, ನೋಡಿಯೂ ನೋಡದ ಹಾಗೆ ನೋಡುತ್ತಾಳೆ. ಆಮೇಲೆ, ಬಹಳ ಹೊತ್ತಿನ ಆಮೇಲೆ, ದನಿ ಏಳುತ್ತದೆ: ಹಿಂದುಸ್ತಾನಿ ರಾಗದ ಸೆಳಕು, ಅದರೊಳಗೆ ಬೀಸುಕಲ್ಲಿನ ಹಾಡಿನ ತುಸು ಒರಟು ಸಿಹಿ. ಕೊನೆಯ ಸಾಲನ್ನು ಹಿಮ್ಮೇಳದವರು ಕಸಿದುಕೊಂಡಂತೆ ಎತ್ತಿ ಹಾಡುವಾಗ ಆಕೆಗೆ ಉಸಿರಾಡಲು ಎಡೆ, ನಮಗೆ ಇನ್ನೊಮ್ಮೆ ಚಪ್ಪರಿಸಲು ಎಡೆ. ಎಳೆಯ ಜೋಳದ ಸೀತನಿ ತಿಂದವರಿಗೆ ಈ ರುಚಿ ಬಿಡಿಸಿ ಹೇಳಬೇಕಾಗಿಲ್ಲ.

ಬಹುಕಾಲ ಈ ಸತ್ಯಭಾಮೆ ಗಂಡಸೇ ಆಗಿದ್ದ. ಹೆಣ್ಣಿನ ಪಾತ್ರವನ್ನು ಹೆಣ್ಣೇ ಆಡಿ ಸೈ ಅನ್ನಿಸಿಕೊಂಡವಳು ಕೌಜಲಗಿಯ ನಿಂಗಮ್ಮ. ಆಕೆಯ ಹೆಸರು ತೆಗೆದರೆ ಹಳೆಯ ರಸಿಕರು ಈಗಲೂ ಕೂತಲ್ಲೇ ನೆಟ್ಟಗಾಗುತ್ತಾರೆ. ಹುಕ್ಕೇರಿ ಕಡೆಯ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಬೆಳೆದದ್ದು ಇಂಥ ಬಯಲಾಟಗಳ ನಡುವೆಯೇ. 1972ರಲ್ಲಿ ಬಿ.ವಿ. ಕಾರಂತರು ಬೆಂಗಳೂರಿನಲ್ಲಿ ಕಂಬಾರರ ‘ಜೋಕುಮಾರಸ್ವಾಮಿ’ ನಾಟಕ ಆಡಿಸಿದಾಗ ನಗರದವರು ಬೆರಗಾದರು. ಬಯಲಾಟ ಕಂಡೇ ಬೆಳೆದ ಘಟಪ್ರಭೆಯ ದಂಡೆಯವರಿಗೆ ಅದರಲ್ಲಿ ಬೆರಗೇನೂ ಕಾಣುತ್ತಿರಲಿಲ್ಲ ಎಂದು ನನ್ನ ಗುಮಾನಿ.

ನೋಡುವವರು ಕೊಡುವ ಆಯೇರದ ವಿಷಯಕ್ಕೆ ಕೆಲವರು ಮೂಗು ಮುರಿಯುತ್ತಾರೆ. ಮುನಿಸು ತುದಿಗೇರಿದಾಗಲೇ ಯಾರೋ ನೋಟು ಹಿಡಿದು ಬರುತ್ತಾರೆ, ಭಾಗವತ ಆಟ ನಿಲ್ಲಿಸಿ ಅವರ ಹೆಸರು ಕೂಗುತ್ತಾನೆ, ರಸ ಕೆಡುತ್ತದೆ ಎಂದು ದೂರು. ನನಗೇನೋ ಅದೂ ಇಷ್ಟ. ಜಾಣ ಸತ್ಯಭಾಮೆ ಆ ನೋಟನ್ನೂ ಆಟದೊಳಕ್ಕೆ ಎಳೆದುಕೊಳ್ಳುತ್ತಾಳೆ: “ನೋಡೋ ಕೃಷ್ಣಾ, ಹಾದಿಯವ್ರಿಗೆ ಇದ್ದ ಕರುಳು ನಿನಗಿಲ್ಲ!” ಇಷ್ಟು ಚುರುಕಿನ ಮಾತು ಪುಸ್ತಕದಲ್ಲಿ ಎಲ್ಲಿ ಸಿಕ್ಕೀತು?

ನೀವು ಹೋಗುವುದಾದರೆ ಮುಂದಿನ ಕುರ್ಚಿಯ ಆಸೆ ಬಿಡಿ, ಅದು ಪಂಚಾಯ್ತಿಯವರಿಗೆ. ಹಾರ್ಮೋನಿಯಂ ಪಕ್ಕದ ಜಮಖಾನೆಯ ಅಂಚಿಗೆ ಕೂಡಿ. ಅಲ್ಲಿ ತಾಳದ ಪೆಟ್ಟು ಎದೆಗೆ ತಾಗುತ್ತದೆ, ಮಾಸ್ತರ ಹುಬ್ಬು ಹಾರಿಸಿ ಮುಂದಿನ ಪದ ಸೂಚಿಸುವುದು ಕಾಣುತ್ತದೆ, ನಡುರಾತ್ರಿ ಮೇಳದವರಿಗೆಂದು ಬರುವ ಚಹಾದಲ್ಲಿ ನಿಮಗೂ ಒಂದು ಕಪ್ಪು ಸಿಗುತ್ತದೆ.