ಮಣ್ಣು ಬೆರೆತ ಹಿಡಿ ಉಪ್ಪು

ಹರಳುಪ್ಪನ್ನು ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದು ನೋಡಬೇಕು. ನಮ್ಮ ಮನೆಯ ಭರಣಿಯಲ್ಲಿರುವುದು ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಉಪ್ಪು. ಅಚ್ಚ ಬಿಳಿಯಲ್ಲ, ಮಣ್ಣಿನ ನಸುಗೆಂಪು ಅದರಲ್ಲಿ ಉಳಿದಿರುತ್ತದೆ. ಮಳೆಗಾಲ ಬಂತೆಂದರೆ ಭರಣಿಯೊಳಗೇ ಬೆವರುತ್ತದೆ. ಬಿಸಿ ಗಂಜಿಗೆ ನಾಲ್ಕು ಹರಳು ಹಾಕಿ ಕಲಕದೆ ಉಂಡರೆ ಒಂದು ತುತ್ತು ಸಪ್ಪೆ, ಮರು ತುತ್ತು ಉಪ್ಪುಪ್ಪು. ನನಗೆ ಆ ಏರುಪೇರೇ ಇಷ್ಟ.

ಗಾಂಧೀಜಿ 1930ರ ಏಪ್ರಿಲ್ 6ರ ಬೆಳಿಗ್ಗೆ ದಂಡಿಯಲ್ಲಿ ಎತ್ತಿಕೊಂಡದ್ದೂ ಹೀಗೆಯೇ ಮಣ್ಣು ಬೆರೆತ ಉಪ್ಪು. ಅರವತ್ತು ದಾಟಿದ ಅವರು ಸಾಬರಮತಿಯಿಂದ ಸುಮಾರು 385 ಕಿಲೋಮೀಟರ್ ನಡೆದು ಬಂದಿದ್ದರು. ಜೊತೆಗೆ ಹೊರಟವರಲ್ಲಿ ನಮ್ಮ ಮೋಟೆಬೆನ್ನೂರಿನ ಹುಡುಗ ಮೈಲಾರ ಮಹಾದೇವಪ್ಪನೂ ಇದ್ದ. ಕಡಲಂಚಿನಲ್ಲಿ ತಾನಾಗಿ ಹೆಪ್ಪುಗಟ್ಟಿದ್ದನ್ನು ಬಾಚಿಕೊಂಡರೂ ಆಗಿನ ಬ್ರಿಟಿಷ್ ಸರಕಾರದ ಲೆಕ್ಕದಲ್ಲಿ ಅಪರಾಧ. ಉಪ್ಪಿನ ಸುಂಕವನ್ನಂತೂ ಕೂಲಿಯವನೂ ಕೊಡಬೇಕಿತ್ತು, ಸಾಹುಕಾರನೂ ಕೊಡಬೇಕಿತ್ತು. ಸತ್ಯಾಗ್ರಹಕ್ಕೆ ಗಾಂಧೀಜಿ ಉಪ್ಪನ್ನು ಆರಿಸಿಕೊಂಡಾಗ ಕಾಂಗ್ರೆಸ್ಸಿನ ದೊಡ್ಡವರೇ ಹುಬ್ಬೇರಿಸಿದರು. ವೈಸರಾಯ್ ಇರ್ವಿನ್ ನಿದ್ದೆಗೆಡಲಿಲ್ಲ. ಆ ಆಯ್ಕೆಯ ಚೆಲುವು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಯಾವ ಜಾತಿಯ, ಯಾವ ಮತದ ಒಲೆಯ ಪಕ್ಕದಲ್ಲಿ ಉಪ್ಪಿಲ್ಲ? ಭಾಷಣ ಅರ್ಥವಾಗದವರಿಗೂ ನಾಲಿಗೆಯಿತ್ತು. ಉಪ್ಪಿನ ಋಣ ಎಂಬ ಮಾತನ್ನು ಹುಟ್ಟಿನಿಂದ ಕೇಳಿದ ಜನಕ್ಕೆ ಆ ಋಣ ಕಡಲಿಗೋ, ಕಂಪನಿಯ ವಾರಸುದಾರರಿಗೋ ಎಂದು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ವಾರ ಕಳೆಯುತ್ತಲೇ, ಏಪ್ರಿಲ್ 13ರಂದು, ಅಂಕೋಲೆಯ ದಂಡೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಜನ ಉಪ್ಪಿನ ಕಾನೂನು ಮುರಿದರು. ಮುಂಬಯಿಯಲ್ಲಿ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ ಉಪ್ಪಿನ ಪೊಟ್ಟಣ ಹಿಡಿದು ಷೇರುಪೇಟೆಗೇ ನುಗ್ಗಿ ಮಾರಿದರು. ಅಡುಗೆಮನೆಯ ವಸ್ತು ಹೆಂಗಸರನ್ನು ಬೀದಿಗೆ ಕರೆತಂದ ಬಗೆ ಅದು.

ಆ ಉಪ್ಪಿನ ರುಚಿ ಹೇಗಿದ್ದೀತು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಆಗರದಲ್ಲಾದರೆ ನೀರು ನಿಧಾನಕ್ಕೆ ಬಿಸಿಲುಂಡು ಹರಳು ಕಟ್ಟುತ್ತದೆ, ಉಳಿದ ಕಹಿನೀರನ್ನು ಹೊರಗೆ ಬಿಡುತ್ತಾರೆ. ಪೊಲೀಸರು ಬರುವುದರೊಳಗೆ ಪಾತ್ರೆಯಲ್ಲಿ ಕಡಲನೀರನ್ನು ಬತ್ತಿಸಿದವರಿಗೆ ಆ ಪುರುಸೊತ್ತೆಲ್ಲಿ? ತಳದಲ್ಲಿ ಉಳಿದದ್ದು ಬೂದುಬಣ್ಣದ್ದು, ಕಹಿಯನ್ನೂ ಮರಳನ್ನೂ ಜೊತೆಗಿಟ್ಟುಕೊಂಡದ್ದು. ಜನ ಅದನ್ನೇ ಹರಾಜಿನಲ್ಲಿ ಕೂಗಿ ಕೊಂಡು, ಸೆರಗಿನ ತುದಿಗೆ ಗಂಟು ಹಾಕಿ ಮನೆಗೆ ಒಯ್ದರು.