ಸೆಂಬಿಯಂನ ಎಂಜಿನ್: ಹಳೆ ಟ್ರ್ಯಾಕ್ಟರ್ ಜೀರ್ಣೋದ್ಧಾರದ ಒಂದು ವಿಮರ್ಶೆ

ಚೆನ್ನೈನ ಸೆಂಬಿಯಂನಲ್ಲಿ ತಯಾರಾದ ಹಳೆಯ ಮ್ಯಾಸಿ ಫರ್ಗುಸನ್ ಟ್ರ್ಯಾಕ್ಟರುಗಳು ಜೀರ್ಣೋದ್ಧಾರಕ್ಕೆ ಹೇಳಿ ಮಾಡಿಸಿದಂಥವು. ಪಶ್ಚಿಮ ದೇಶಗಳಲ್ಲಿ ತೋಟದ ಟ್ರ್ಯಾಕ್ಟರ್ ಎಂದರೆ ಹುಲ್ಲುಹಾಸು ಕತ್ತರಿಸುವ ಪುಟ್ಟ ಯಂತ್ರ. ದಕ್ಷಿಣ ಭಾರತದ ತೆಂಗಿನ ತೋಟಗಳಲ್ಲಿ ಆ ಹೆಸರಿಗೆ ತಕ್ಕ ದುಡಿಮೆ ಮಾಡಿದ್ದು ಸುಮಾರು 35 ಅಶ್ವಶಕ್ತಿಯ ಈ ಕೆಂಪು ಬಾನೆಟ್ಟಿನ ಗಾಡಿ. 1960ರಲ್ಲಿ ಸ್ಥಾಪನೆಯಾದ, ಅಮಾಲ್ಗಮೇಷನ್ಸ್ ಉದ್ಯಮ ಸಮೂಹದ ಟಾಫೆ ಕಂಪನಿ ಇದನ್ನು ಕಟ್ಟಿತು. ಎಂಜಿನ್ ಬಂದದ್ದು ಅದೇ ಸಮೂಹದ ಸಿಂಪ್ಸನ್ ಕಂಪನಿಯಿಂದ. 1840ರಲ್ಲಿ ಕುದುರೆಗಾಡಿ ಕಟ್ಟುತ್ತಾ ಶುರುವಾದ ಸಂಸ್ಥೆ, ಮುಂದೆ ಇಂಗ್ಲೆಂಡಿನ ಪರ್ಕಿನ್ಸ್ ವಿನ್ಯಾಸದ ಡೀಸೆಲ್ ಎಂಜಿನ್‌ಗಳಿಗೆ ಹೆಸರಾಯಿತು. ಪಿಸ್ಟನ್ನು, ರಿಂಗುಗಳಿಗೆ 1949ರ ಇಂಡಿಯಾ ಪಿಸ್ಟನ್ಸ್ ಕಾರ್ಖಾನೆಯೂ ಸೆಂಬಿಯಂನಲ್ಲೇ ಇದೆ. ಒಂದು ಯಂತ್ರದ ಹೃದಯ ಹುಟ್ಟಿದ ಕೇರಿಯಲ್ಲೇ ಅದನ್ನು ಮತ್ತೆ ಬಿಚ್ಚಿ ಕಟ್ಟುವ ಅವಕಾಶ ಬೇರೆ ಊರುಗಳಿಗೆ ಅಪರೂಪ.

ಹೀಗಿದ್ದೂ ಹೆಚ್ಚಿನ ಜೀರ್ಣೋದ್ಧಾರಗಳು ಬಣ್ಣದಿಂದ ಶುರುವಾಗಿ ಬಣ್ಣದಲ್ಲೇ ಮುಗಿಯುತ್ತವೆ. ಹಳೆ ಗುಡಿಯ ಕಲ್ಲುಕೆತ್ತನೆಗೆ ಎಣ್ಣೆಬಣ್ಣ ಬಳಿದರೆ ಉಳಿಯ ಗೆರೆ ಮುಚ್ಚಿಹೋಗುವ ಹಾಗೆ, ದಪ್ಪ ಎನಾಮಲ್ ಪದರ ಬ್ಲಾಕಿನ ಮೇಲಿನ ಎರಕದ ಸಂಖ್ಯೆಯನ್ನೂ ತಯಾರಕರ ಫಲಕವನ್ನೂ ನುಂಗಿಬಿಡುತ್ತದೆ. ತುಕ್ಕು ತೆಗೆಯಲು ಬಿಡಿಭಾಗ ಕಳಚದೆ ಮರಳು ಹೊಡೆಸುವುದಂತೂ ಅಕ್ಷಮ್ಯ: ಎಣ್ಣೆ ಹರಿಯುವ ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡ ಮರಳಿನ ಕಣ ಹೊಸ ಬೇರಿಂಗನ್ನು ಕೆಲವೇ ಗಂಟೆಗಳಲ್ಲಿ ಕೆರೆದು ಹಾಕುತ್ತದೆ.

ಕೆಲಸದ ನಿಜವಾದ ಕಸುಬು ಸಿಲಿಂಡರಿನ ಒಳಗಿದೆ. ಬೋರ್, ಅಂದರೆ ಪಿಸ್ಟನ್ ಓಡಾಡುವ ಕೊಳವೆ, ಎಲ್ಲ ಕಡೆ ಒಂದೇ ಸಮನೆ ಸವೆಯುವುದಿಲ್ಲ. ಮೇಲಿನ ರಿಂಗು ತಿರುಗಿ ಕೆಳಗಿಳಿಯುವ ಜಾಗದಲ್ಲಿ ಬಿಸಿ ಹೆಚ್ಚು, ಒತ್ತಡ ಹೆಚ್ಚು, ಎಣ್ಣೆ ಕಡಿಮೆ. ಸವೆತ ಅಲ್ಲಿ ಗರಿಷ್ಠ. ಪಿಸ್ಟನ್ ಒರಗುವ ಬದಿಯಲ್ಲಿ ಇನ್ನೂ ಹೆಚ್ಚು ಸವೆದು ದುಂಡಗಿನ ಬೋರ್ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಇಂಥ ಬೋರಿಗೆ ಹೊಸ ರಿಂಗು ಹಾಕಿದರೆ ತಿಂಗಳೊಳಗೆ ಎಂಜಿನ್ ಮತ್ತೆ ಎಣ್ಣೆ ಕುಡಿದು ನೀಲಿ ಹೊಗೆ ಕಾರುತ್ತದೆ. ಮೇಲೆ, ನಡುವೆ, ಕೆಳಗೆ, ಪ್ರತಿ ಮಟ್ಟದಲ್ಲೂ ಎರಡು ದಿಕ್ಕಿನಲ್ಲಿ ಬೋರ್ ಗೇಜ್ ಇಟ್ಟು ಅಳತೆ ಬರೆದುಕೊಂಡವರ ಕೆಲಸವನ್ನು ಮಾತ್ರ ನಂಬಬಹುದು. ಸಿಲಿಂಡರಿನ ಒಳತೋಳಾದ ಲೈನರ್ ಬದಲಿಸುವಲ್ಲಿಯೂ ಅವಸರವೇ ಶತ್ರು. ಬ್ಲಾಕಿನೊಳಗೆ ಬಿಗಿಯಾಗಿ ಒತ್ತಿ ಕೂರಿಸುವ ತೆಳು ಲೈನರ್ ಕೂರುವಾಗಲೇ ತುಸು ಆಕಾರ ಬದಲಿಸುತ್ತದೆ. ಕೂರಿಸಿದ ಮೇಲೆ ಬೋರ್ ಹೊಡೆಸಿ ಹೋನಿಂಗ್ ಮಾಡಿಸದಿದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥ.

ಕ್ರ್ಯಾಂಕ್‌ಶಾಫ್ಟನ್ನು ಹತ್ತು, ಇಪ್ಪತ್ತು, ಮೂವತ್ತು ಥೌ (ಇಂಚಿನ ಸಾವಿರದ ಒಂದು ಭಾಗ), ಅಂದರೆ ಸುಮಾರು 0.25, 0.50, 0.75 ಮಿಲಿಮೀಟರ್ ಲೆಕ್ಕದಲ್ಲಿ ಗ್ರೈಂಡ್ ಮಾಡಿ ಅದಕ್ಕೆ ತಕ್ಕ ಬೇರಿಂಗ್ ಹಾಕುತ್ತಾರೆ. ಎಷ್ಟು ಬೇಕೋ ಅಷ್ಟೇ ತೆಗೆದು ಮುಂದಿನ ಸಲಕ್ಕೂ ಲೋಹ ಉಳಿಸುವುದು ಒಳ್ಳೆಯ ಲೇತು ಕೆಲಸಗಾರನ ಗುರುತು.

ಚೆನ್ನೈನಲ್ಲಿ ಇನ್ನೊಂದು ಪರೀಕ್ಷೆಯಿದೆ. 2015ರ ಡಿಸೆಂಬರ್ ನೆರೆಯಂಥ ಸಂದರ್ಭದಲ್ಲಿ ಮುಳುಗಿದ ಎಂಜಿನ್‌ಗೆ ಸ್ಟಾರ್ಟರ್ ಹಾಕಿದರೆ ಸಿಲಿಂಡರಿನಲ್ಲಿ ನಿಂತ ನೀರು ಕುಗ್ಗದೆ ಕನೆಕ್ಟಿಂಗ್ ರಾಡನ್ನೇ ಬಗ್ಗಿಸುತ್ತದೆ. ಇಂಜೆಕ್ಟರ್ ಕಳಚಿ, ಕೈಯಿಂದ ತಿರುಗಿಸಿ ನೀರು ಹೊರಹಾಕುವುದು ಮೊದಲ ಕೆಲಸ. ಕಡಲ ಉಪ್ಪುಗಾಳಿ ತಗಡನ್ನು ತಿನ್ನುವುದರಿಂದ ಮಡ್‌ಗಾರ್ಡು ಹೊಸದಾಗಿ ಮಾಡಿಸಬೇಕಾದೀತು, ಅದು ತಪ್ಪಲ್ಲ.

ಬಿಡಿಭಾಗಕ್ಕೆ ಎಗ್ಮೋರ್ ಪಕ್ಕದ ಪುದುಪ್ಪೇಟೆಯ ಹಳೆ ಸಾಮಾನಿನ ಪೇಟೆ ದೊಡ್ಡ ಆಸರೆ. ಹಳೆಯ ಅಸಲಿ ಗೇರ್ ಕವಚವೋ ರಾಕರ್ ಕವರೋ ಸಿಕ್ಕಿದರೆ ಹೊಸ ನಕಲಿಗಿಂತ ಅದೇ ಮೇಲು. ಬೇರಿಂಗು, ರಿಂಗು, ಗ್ಯಾಸ್ಕೆಟ್ಟುಗಳ ವಿಷಯದಲ್ಲಿ ಮಾತ್ರ ಹಳತಿನ ಮೋಹ ಸಲ್ಲದು.

ಹ್ಯಾರಿ ಫರ್ಗುಸನ್ ರೂಪಿಸಿದ ಮೂರು ಬಿಂದುಗಳ ಹೈಡ್ರಾಲಿಕ್ ಜೋಡಣೆಯೇ ಈ ಟ್ರ್ಯಾಕ್ಟರ್ ವಂಶದ ದೊಡ್ಡ ಕೊಡುಗೆ: ನೇಗಿಲಿನ ಎಳೆತ ಹೆಚ್ಚಾದಾಗ ಅದು ತಾನಾಗಿ ನೇಗಿಲನ್ನು ತುಸು ಎತ್ತುತ್ತದೆ. ಪ್ರದರ್ಶನದ ಟ್ರ್ಯಾಕ್ಟರುಗಳಲ್ಲಿ ಹೆಚ್ಚು ಕಡೆಗಣನೆಗೆ ಒಳಗಾಗುವುದೂ ಇದೇ ಭಾಗ. ಹೊಸ ರಿಂಗುಗಳು ಬೋರಿಗೆ ಒಗ್ಗುವುದೂ ಭಾರ ಎಳೆದಾಗಲೇ; ಶೆಡ್ಡಿನಲ್ಲಿ ಸುಮ್ಮನೆ ಓಡಿಸಿದರೆ ಬೋರಿನ ಮೈ ಗಾಜಿನಂತಾಗಿ ಎಣ್ಣೆ ಸೋರುವುದು ನಿಲ್ಲುವುದಿಲ್ಲ. ಆದ್ದರಿಂದ ಕಟ್ಟಿ ಮುಗಿದ ಟ್ರ್ಯಾಕ್ಟರನ್ನು ನೇಗಿಲು ಕಟ್ಟಿ ಹೊಲಕ್ಕಿಳಿಸಿ, ಮೊದಲು ಹಗುರ, ಆಮೇಲೆ ಆಳದ ಉಳುಮೆ ಮಾಡಿಸಿ, ಎಣ್ಣೆ ಬದಲಿಸಿ, ಹೆಡ್ಡಿನ ನಟ್ಟುಗಳನ್ನು ಮತ್ತೊಮ್ಮೆ ಟಾರ್ಕ್ ಅಳತೆಗೆ ಬಿಗಿಯುತ್ತಾರೆ.