ಎರಡು ಬಾಕಿ

"ನಂದು ಏನಾಯ್ತು ಸಾರ್?" ಕಡೂರು, ತರೀಕೆರೆ, ಅಜ್ಜಂಪುರದ ಯಾವ ಸಣ್ಣ ಕಚೇರಿಯ ಮೆಟ್ಟಿಲು ಹತ್ತಿದರೂ ಈ ಪ್ರಶ್ನೆ ಕಿವಿಗೆ ಬೀಳುತ್ತದೆ. ಜಿಎಸ್‌ಟಿ ರಿಟರ್ನ್ ಹಾಕಿಕೊಡುವವರು, ಮನೆ ಪ್ಲಾನು ಬರೆದುಕೊಡುವ ಎಂಜಿನಿಯರು, ಪತ್ರ ಬರಹಗಾರರು, ಹನಿ ನೀರಾವರಿ ಪೈಪು ಹಾಕಿಸಿ ಸಬ್ಸಿಡಿಯ ಕಡತ ಓಡಿಸುವ ಡೀಲರು, ಇವರೆಲ್ಲರ ದಿನದ ದೊಡ್ಡ ಪಾಲು ಇದಕ್ಕೆ ಉತ್ತರ ಹೇಳುವುದರಲ್ಲೇ ಕಳೆಯುತ್ತದೆ. ಕೇಳುವವರು ಹಳ್ಳಿಯಿಂದ ಬಂದವರು. ವಾಪಸ್ ಬಸ್ಸಿಗೆ ಹೊತ್ತಾಗಿರುತ್ತದೆ. ಅವರಿಗೆ ಬೇಕಾದ್ದು ಮೂರು ಮಾತು: ಕಡತ ಯಾರ ಟೇಬಲ್ಲಿನ ಮೇಲಿದೆ, ತಾವು ಇನ್ನೇನು ತರಬೇಕು, ಎಷ್ಟು ಕೊಡಬೇಕು. ಸಣ್ಣ ಉದ್ದಿಮೆಗೆಂದು, ಸಲಹೆಗಾರರಿಗೆಂದು ಮಾರುವ ಕೆಲಸ ನಿರ್ವಹಣೆಯ ತಂತ್ರಾಂಶಗಳನ್ನು ಈ ಸೀಮೆಯಲ್ಲಿ ತೂಗುವುದಾದರೆ ತಕ್ಕಡಿ ಇದೇ ಆಗಬೇಕು. ಅರ್ಧ ನಿಮಿಷದಲ್ಲಿ, ಯಜಮಾನರು ಇಲ್ಲದಾಗ, ಕಂಪ್ಯೂಟರಿನ ಮುಂದೆ ಕೂತ ಹುಡುಗಿ ಆ ಮೂರು ಮಾತು ಹೇಳಬಲ್ಲಳೇ?

ಹೇಳಲಾರಳು. ಅದರ ಕಾರಣ ನಮ್ಮದೇ ಒಂದು ಪದದಲ್ಲಿ ಅಡಗಿದೆ. ಬಾಕಿ ಎನ್ನುವುದು ಅರಬ್ಬಿಯಿಂದ ಹೊರಟು, ಕಂದಾಯದ ದಫ್ತರಗಳ ಮೂಲಕ ನಮ್ಮ ಅಡುಗೆಮನೆಯವರೆಗೂ ಬಂದ ಮಾತು. "ಇನ್ನೂ ಕೆಲಸ ಬಾಕಿ ಇದೆ" ಎನ್ನುವಾಗಲೂ ಅದೇ, "ನಿಮ್ಮ ಕಡೆಯಿಂದ ಎರಡು ಸಾವಿರ ಬಾಕಿ ಇದೆ" ಎನ್ನುವಾಗಲೂ ಅದೇ. ಸಣ್ಣ ಊರಿನ ವ್ಯವಹಾರದಲ್ಲಿ ಈ ಎರಡು ಬಾಕಿಗಳು ಒಂದೇ ಹಗ್ಗದ ಎರಡು ತುದಿ. ಮುಂಗಡ ಬಂದರೆ ಕೆಲಸ ಒಂದು ಹೆಜ್ಜೆ ಮುಂದೆ ಹೋಗುತ್ತದೆ, ಹೆಜ್ಜೆ ಕಂಡರೆ ಮತ್ತಷ್ಟು ಹಣ ಬಿಚ್ಚುತ್ತದೆ. ತಂತ್ರಾಂಶ ಮಾಡಿದವರು ಮಾತ್ರ ಈ ಹಗ್ಗವನ್ನು ನಡುವೆ ಕತ್ತರಿಸಿದ್ದಾರೆ. ಕೆಲಸದ ಬಾಕಿಗೆ ಒಂದು ಆ್ಯಪು, ದುಡ್ಡಿನ ಬಾಕಿಗೆ ಇನ್ನೊಂದು.

ಕೆಲಸದ ಕಡೆಯ ಹೆಸರಾಂತ ಸರಕು ನೋಡಿ. 2004ರ ಬೇಸ್‌ಕ್ಯಾಂಪ್, 2011ರ ಟ್ರೆಲ್ಲೊ, ಆಸನ ಮುಂತಾದವು. ಇವುಗಳಲ್ಲಿ ಟ್ರೆಲ್ಲೊ ಕಣ್ಣಿಗೆ ಬಹಳ ಹಿತ. ಗೋಡೆಗೆ ಅಂಟಿಸಿದ ಚೀಟಿಗಳ ಹಾಗೆ ಮೂರು ಕಂಬಸಾಲು: ಮಾಡಬೇಕಾದ್ದು, ಮಾಡುತ್ತಿರುವುದು, ಮುಗಿದದ್ದು. ಚೀಟಿಯನ್ನು ಎಡದಿಂದ ಬಲಕ್ಕೆ ಎಳೆದರಾಯಿತು. ಇದರ ಮೂಲ ಜಪಾನಿನ ಟೊಯೊಟಾ ಕಾರ್ಖಾನೆಯಲ್ಲಿ ತೈಚಿ ಓನೊ ರೂಢಿಗೆ ತಂದ ಕಾನ್‌ಬಾನ್ ಚೀಟಿಗಳಲ್ಲಿದೆ. ಕಾರ್ಖಾನೆಯ ಒಂದು ವಿಶೇಷ ಏನೆಂದರೆ ಚೀಟಿ ಸಾಗುವ ದಾರಿ ಪೂರ್ತಿ ಒಬ್ಬನೇ ಧಣಿಯ ಸೂರಿನ ಕೆಳಗಿರುತ್ತದೆ. ಈಗ ಅದೇ ಚೀಟಿಯನ್ನು ತರೀಕೆರೆಯ ಎಂಜಿನಿಯರೊಬ್ಬರ ಕೈಗೆ ಕೊಡಿ. ಹಳ್ಳಿಯಲ್ಲಿ ಒಂದು ಮನೆ ಕಟ್ಟಿಸುವ ಕೆಲಸ ಅನ್ನೋಣ. ಪ್ಲಾನು ಬರೆಯಲು ಎರಡು ದಿನ. ಆಮೇಲೆ ನಿವೇಶನದ ಇ-ಸ್ವತ್ತು ನಮೂನೆ 9, 11 ಬೇಕು. ಖಾತೆ ತೀರಿಹೋದ ತಂದೆಯ ಹೆಸರಿನಲ್ಲೇ ಇದ್ದರೆ ಮೊದಲು ವಂಶವೃಕ್ಷ, ಅದಕ್ಕೆ ಅಣ್ಣತಮ್ಮಂದಿರ ಸಹಿ, ಅವರಲ್ಲೊಬ್ಬ ಬೆಂಗಳೂರಿನಲ್ಲಿ. ಅದಾದ ಮೇಲೆ ಪಂಚಾಯಿತಿಯ ಪರವಾನಗಿ, ಬ್ಯಾಂಕಿಗೆ ಎಸ್ಟಿಮೇಟು. ಇಷ್ಟರಲ್ಲಿ ಎಂಜಿನಿಯರು ನಿಜಕ್ಕೂ "ಮಾಡುತ್ತಿರುವ" ದಿನಗಳನ್ನು ಬೆರಳಿನಲ್ಲಿ ಎಣಿಸಬಹುದು. ಉಳಿದದ್ದು ಕಾಯುವಿಕೆ: ಸಹಿಗೆ, ಸರ್ವರಿಗೆ, ಸರ್ವೆಯವರಿಗೆ, ಒಟಿಪಿ ಬರುವ ಫೋನು ಚಾರ್ಜಾಗುವುದಕ್ಕೆ. ಟ್ರೆಲ್ಲೊದ ಮೂರು ಕಂಬಸಾಲಿನಲ್ಲಿ ಕಾಯುವ ಚೀಟಿಗೆ ಜಾಗ ಎಲ್ಲಿ? ನಡುವಿನ ಸಾಲಿನಲ್ಲಿ ಇಟ್ಟರೆ ಸುಳ್ಳು, ಎಡಕ್ಕೆ ತಳ್ಳಿದರೆ ಅನ್ಯಾಯ.

ಇದಕ್ಕೆ ತಂತ್ರಾಂಶದ ಪರ ಮಾತಾಡುವವರ ಬಳಿ ಸಿದ್ಧ ಉತ್ತರವಿದೆ: "ಕಾಯುತ್ತಿದೆ" ಅಂತ ನಾಲ್ಕನೆಯ ಸಾಲು ಹಾಕಿಕೊಳ್ಳಿ, ಯಾರು ಬೇಡ ಅಂದರು? ಸರಿಯಾದ ಮಾತೇ. ಅಮೆರಿಕದ ಡೇವಿಡ್ ಅಲೆನ್ 2001ರಲ್ಲಿ ಬರೆದ ಹೆಸರಾಂತ ಪುಸ್ತಕದಲ್ಲೂ ಇನ್ನೊಬ್ಬರಿಂದ ಬರಬೇಕಾದ್ದಕ್ಕೆಂದೇ ಒಂದು ಬೇರೆ ಪಟ್ಟಿ ಇಡಬೇಕು ಅಂತ ಇದೆ. ಹಾಕಿಕೊಂಡು ನೋಡಿದರೆ ಏನಾಗುತ್ತದೆ? ಎಲ್ಲ ಚೀಟಿಗಳೂ ನಾಲ್ಕನೆಯ ಸಾಲಿಗೆ ಬಂದು ಗುಡ್ಡೆ ಬೀಳುತ್ತವೆ. ಮೂರು ಸಾಲು ಖಾಲಿ, ಒಂದು ಸಾಲು ತೆರೆಯ ಕೆಳಗೂ ಹರಿಯುತ್ತದೆ. ಹಲಗೆಯ ಗುಣವೇ ಒಂದು ನೋಟಕ್ಕೆ ಎಲ್ಲ ಕಾಣುವುದು. ಆ ಗುಣವೇ ಹೋಯಿತು. ಇಲ್ಲಿ ಬೇಕಾದ್ದು ಕಾಯುವಿಕೆಯನ್ನೇ ಒಡೆದು ತೋರಿಸುವ ಹಲಗೆ. ಗ್ರಾಹಕ ತರಬೇಕಾದ್ದು, ಪಂಚಾಯಿತಿಯಲ್ಲಿ ಇರುವುದು, ತಾಲ್ಲೂಕು ಕಚೇರಿಯಲ್ಲಿ ಇರುವುದು, ಬ್ಯಾಂಕಿನಲ್ಲಿ ಇರುವುದು. ಸಾಲುಗಳಿಗೆ ಕ್ರಿಯಾಪದದ ಹೆಸರು ಬೇಡ, ಊರಿನ ಕಟ್ಟಡಗಳ ಹೆಸರು ಸಾಕು. ಇಷ್ಟು ಮಾಡಿಕೊಂಡರೆ ಟ್ರೆಲ್ಲೊ ಮೊದಲ ಪ್ರಶ್ನೆಗೆ ಚೆನ್ನಾಗಿಯೇ ಉತ್ತರ ಕೊಡುತ್ತದೆ, ಎರಡನೆಯದಕ್ಕೂ ಅಷ್ಟಿಷ್ಟು. ಮೂರನೆಯದಕ್ಕೆ, ಅಂದರೆ ದುಡ್ಡಿಗೆ, ಅದರ ಬಳಿ ಬಾಯಿಲ್ಲ.

ದುಡ್ಡಿಗೆ ನಮ್ಮದೇ ನಾಡಿನ ಟ್ಯಾಲಿ ಇದೆ. ಗಿರಣಿಗಳಿಗೆ ಸಾಮಾನು ಒದಗಿಸುತ್ತಿದ್ದ ವ್ಯಾಪಾರಿ ಶ್ಯಾಮ್ ಸುಂದರ್ ಗೋಯೆಂಕಾ ತಮ್ಮ ಲೆಕ್ಕಕ್ಕೆ ಹೊಂದುವ ತಂತ್ರಾಂಶ ಸಿಗದೆ, ಮಗ ಭರತ್ ಗೋಯೆಂಕಾ ಕೈಲಿ ಬರೆಸಿದ್ದು. 1986ರಿಂದ ಬೆಳೆದು ಬಂದ ಬೆಂಗಳೂರಿನ ಕಂಪನಿ. ಅಂಗಡಿಯವನ ತಲೆಯೊಳಗಿನ ಖಾತೆಯನ್ನೇ ತೆರೆಗೆ ತಂದದ್ದರಿಂದ ಅದು ಗೆದ್ದಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲಂತೂ ಬೀರೂರಿನ ಕೊಬ್ಬರಿ ಮಂಡಿಯಿಂದ ಅಜ್ಜಂಪುರದ ಗೊಬ್ಬರದಂಗಡಿಯವರೆಗೆ ಅದಿಲ್ಲದೆ ಆಗದು ಎನ್ನುವಂತಾಯಿತು. ಟ್ಯಾಲಿಯನ್ನು ದೂರುವಂತಿಲ್ಲ. ಆದರೆ ಅದಕ್ಕೆ ಗೊತ್ತಿರುವುದು ನಡೆದುಹೋದ ವ್ಯವಹಾರ ಮಾತ್ರ. ಎರಡು ಸಾವಿರ ಬರಬೇಕು ಅಂತ ಹೇಳುತ್ತದೆ, ಆ ಎರಡು ಸಾವಿರ ಸರ್ವೆ ನಕ್ಷೆ ಕೈಗೆ ಬರುವವರೆಗೆ ಯಾಕೆ ಬರುವುದಿಲ್ಲ ಅಂತ ಹೇಳುವುದಿಲ್ಲ. ಚೆನ್ನೈ ಮೂಲದ ಜೊಹೊದವರು ಲೆಕ್ಕದ ಪುಸ್ತಕದೊಳಗೇ ಕೆಲಸದ ಪಟ್ಟಿ ಸೇರಿಸಿ ಎರಡು ತುದಿ ಕೂಡಿಸಲು ನೋಡಿದ್ದಾರೆ. ಗಂಟೆಯ ಲೆಕ್ಕಕ್ಕೂ ಬಿಲ್ಲು ಮಾಡಬಹುದು, ಇಡೀ ಕೆಲಸಕ್ಕೆ ಇಷ್ಟು ಅಂತಲೂ ಮಾಡಬಹುದು. ಪ್ರಯತ್ನ ಒಳ್ಳೆಯದು. ಆದರೂ ಅದರ ಪ್ರಪಂಚದಲ್ಲಿ ಮೊದಲು ಕೆಲಸ, ಆಮೇಲೆ ಬಿಲ್ಲು, ಕೊನೆಗೆ ಪಾವತಿ. ನಮ್ಮಲ್ಲಿ ಈ ಮೂರೂ ಹೆಣೆದುಕೊಂಡೇ ನಡೆಯುತ್ತವೆ.

ಹೆಣೆದುಕೊಂಡದ್ದನ್ನು ಹೆಣೆದುಕೊಂಡ ಹಾಗೇ ಹಿಡಿದಿಡುವ ಸಾಧನ ನೋಡಬೇಕಾದರೆ ತರೀಕೆರೆ ಕಡೆಯ ಅಡಿಕೆ ಚೇಣಿದಾರರ ಪುಸ್ತಕ ಬಿಡಿಸಬೇಕು. ಚೇಣಿ ಎಂದರೆ ಮರದಲ್ಲಿರುವ ಫಸಲಿನ ಒಪ್ಪಂದ. ತೋಟದವರಿಗೆ ಮುಂಗಡ ಕೊಟ್ಟು, ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು ಎಲ್ಲವನ್ನೂ ಚೇಣಿದಾರ ಮೈಮೇಲೆ ಹಾಕಿಕೊಳ್ಳುತ್ತಾನೆ. ಮಳೆಯಿಂದ ಹಿಡಿದು ಶಿವಮೊಗ್ಗ ಮಾರುಕಟ್ಟೆಯ ದರದವರೆಗೆ ಎಲ್ಲ ಅಪಾಯವೂ ಅವನ ಲೆಕ್ಕದೊಳಗಿರುತ್ತದೆ. ಮ್ಯಾನೇಜ್‌ಮೆಂಟ್ ಪಾಠದಲ್ಲಿ ಪ್ರಾಜೆಕ್ಟ್ ಎನ್ನುವುದಕ್ಕೆ ಏನೇನು ಲಕ್ಷಣ ಹೇಳುತ್ತಾರೋ ಅವೆಲ್ಲ ಇದರಲ್ಲಿವೆ. ಇದಕ್ಕೆ ಬಳಸುವ ಸಾಧನ ಉದ್ದನೆಯ ಒಂದು ನೋಟುಬುಕ್ಕು. ತೋಟಕ್ಕೊಂದು ಜೋಡಿ ಪುಟ. ಎಡಪುಟದಲ್ಲಿ ಮೊದಲ ಕೊಯ್ಲು, ಎರಡನೇ ಕೊಯ್ಲು, ಮೂರನೇ ಕೊಯ್ಲು, ಪ್ರತಿಯೊಂದರ ಎದುರು ಹಸಿ ಅಡಿಕೆಯ ತೂಕ. ಬಲಪುಟದಲ್ಲಿ ಕೊಟ್ಟ ಹಣ, ಪಕ್ಕದಲ್ಲಿ ಕಾರಣ: "ಗೊಬ್ಬರಕ್ಕೆ", "ಮಗಳ ಫೀಸು", "ಹಬ್ಬಕ್ಕೆ". ಪುಸ್ತಕ ತೆರೆದು ಹಿಡಿದರೆ ಎರಡು ಬಾಕಿಯೂ ಒಂದೇ ಕಣ್ಣೋಟದಲ್ಲಿ. ಎಷ್ಟು ಕೊಯ್ಲು ಉಳಿದಿದೆ, ಎಷ್ಟು ಹಣ ಮುಂದೆ ಹೋಗಿದೆ ಎರಡನ್ನೂ ಹೋಲಿಸಲು ಕತ್ತು ತಿರುಗಿಸಿದರೆ ಸಾಕು. ಮಡಿಕೆಯ ನಡುವಿನ ಆ ಹೊಲಿಗೆ ದಾರ ಮಾಡುವ ಕೆಲಸವನ್ನು ದುಬಾರಿ ಆ್ಯಪುಗಳು ಮಾಡುತ್ತಿಲ್ಲ.

ಇದು ಹಳತನ್ನು ಹೊಗಳುವ ಚಟ ಎಂದು ಯಾರಾದರೂ ಅಂದರೆ ಅಡ್ಡಹಾಯುವ ಹಾಗಿಲ್ಲ, ಆಕ್ಷೇಪದಲ್ಲಿ ಹುರುಳಿದೆ. ಪುಸ್ತಕ ಒಂದೇ ಪ್ರತಿ. ನೆನೆದರೆ, ಕಳೆದರೆ, ಗೆದ್ದಲು ಹಿಡಿದರೆ ಮುಗಿಯಿತು. ಅದರಲ್ಲಿ ಬರೆದದ್ದಕ್ಕಿಂತ ಬರೆಯದೆ ಬಿಟ್ಟದ್ದೇ ಹೆಚ್ಚು. "ಮೇಲ್ತೋಟ, ಹಿಂದಿನ ಹಾಗೆ" ಎಂಬ ಸಾಲಿನ ಅರ್ಥ ಬರೆದವನಿಗೆ ಮಾತ್ರ ಗೊತ್ತು. ಯಜಮಾನರು ಹದಿನೈದು ದಿನ ಆಸ್ಪತ್ರೆ ಸೇರಿದರೆ ಇಡೀ ವ್ಯವಹಾರ ಹಾಸಿಗೆ ಹಿಡಿಯುತ್ತದೆ. ಅದಕ್ಕೇ ಕಂಪ್ಯೂಟರಿನ ಮುಂದೆ ಕೂತ ಹುಡುಗಿಯನ್ನು ಅಳತೆಗೋಲಿಗೆ ಸೇರಿಸಿದ್ದು. ಆ ಪರೀಕ್ಷೆಯಲ್ಲಿ ಪುಸ್ತಕವೂ ಸೋಲುತ್ತದೆ, ಮೂರು ಪ್ರಶ್ನೆಗೂ ಉತ್ತರ ಅದರಲ್ಲೇ ಇದ್ದರೂ. ಖಾತಾಬುಕ್ ತರಹದ ಆ್ಯಪುಗಳು ಪುಸ್ತಕದ ಬಲಪುಟವನ್ನು ಫೋನಿಗೆ ಏರಿಸಿದವು, ಕನ್ನಡದಲ್ಲೇ. ಕಳೆದುಹೋಗುವ ಭಯ ತಪ್ಪಿತು. ಎಡಪುಟ ಬರಲಿಲ್ಲ. ಜೊತೆಗೆ ಬಾಕಿದಾರನಿಗೆ ತಾನಾಗಿ ಹೋಗುವ ಸಂದೇಶದ ಸೌಲಭ್ಯ ಬಂತು. ದೊಡ್ಡ ನಗರದಲ್ಲಿ ಅದು ಬರೀ ಜ್ಞಾಪನೆ. ನಾಳೆ ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕೂರಬೇಕಾದ ಊರಿನಲ್ಲಿ ಅದು ತಾಕೀತು.

ವಾಟ್ಸಾಪ್ ಬಿಸಿನೆಸ್ ವಿಚಾರ ಇನ್ನೂ ಕುತೂಹಲದ್ದು. 2018ರ ಜನವರಿಯಲ್ಲಿ ಭಾರತಕ್ಕೆ ಬಂದ ಇದನ್ನು ಯಾರೂ ಕೆಲಸ ನಿರ್ವಹಣೆಯ ತಂತ್ರಾಂಶ ಅನ್ನುವುದಿಲ್ಲ. ಅದರ ಜೊತೆಗೇ ಬರುವ ಐದು ಪಟ್ಟಿಗಳನ್ನು ಗಮನಿಸಿ: ಹೊಸ ಗ್ರಾಹಕ, ಹೊಸ ಆರ್ಡರ್, ಹಣ ಬಾಕಿ, ಹಣ ಬಂದಿದೆ, ಆರ್ಡರ್ ಮುಗಿದಿದೆ. ಕೆಲಸವೂ ದುಡ್ಡೂ ಒಂದೇ ಸಾಲಿನಲ್ಲಿ! ಬೇಕೆಂದು ಮಾಡಿದರೋ ಗೊತ್ತಿಲ್ಲದೆ ಆಯಿತೋ, ಎರಡು ಬಾಕಿಯ ಸಂಬಂಧ ಕೈಗೆ ಸಿಕ್ಕಿದ್ದು ಇವರಿಗೆ. ಕಾಗದಪತ್ರದ ಫೋಟೋ, ಧ್ವನಿ ಸಂದೇಶ, ಫೋನ್‌ಪೇ ರಸೀತಿ ಎಲ್ಲ ಆ ವ್ಯಕ್ತಿಯ ಹೆಸರಿನ ಕೆಳಗೇ ಕೂಡಿರುತ್ತವೆ. ಅಕ್ಷರ ಬಾರದವರೂ ಮಾತಾಡಿ ಕಳಿಸಬಹುದು. ಸಣ್ಣ ಊರಿನ ಕಚೇರಿಗಳು ಇದನ್ನೇ ಅಪ್ಪಿಕೊಂಡದ್ದು ಸೋಮಾರಿತನದಿಂದ ಎನ್ನುವವರು ಈ ಹೊಂದಿಕೆಯನ್ನು ಗಮನಿಸಿಲ್ಲ. ಅದರ ಕೊರತೆ ಬೇರೆ ಕಡೆ ಇದೆ. ನೆನಪು ಮೇಲಕ್ಕೆ ಹರಿದು ಹೋಗುತ್ತದೆ. ಮೂರು ತಿಂಗಳ ಹಿಂದಿನ ಪಹಣಿ ಹುಡುಕಲು ಹಬ್ಬದ ಶುಭಾಶಯಗಳ ರಾಶಿಯನ್ನೆಲ್ಲ ದಾಟಬೇಕು. ಇನ್ನು ಕಚೇರಿಯ ಆ ಒಂದು ಫೋನಿನ ಗ್ಯಾಲರಿಯಲ್ಲಿ ಊರವರ ಆಧಾರ್ ಕಾರ್ಡುಗಳೆಲ್ಲ ಮಕ್ಕಳ ಫೋಟೋಗಳ ಪಕ್ಕದಲ್ಲೇ ಬಿದ್ದಿರುತ್ತವೆ. 2023ರಲ್ಲಿ ದತ್ತಾಂಶ ರಕ್ಷಣೆಗೆಂದು ಕಾಯಿದೆಯೇ ಆಗಿದೆ. ಗ್ಯಾಲರಿಗೆ ಅದರ ಬಿಸಿ ಇನ್ನೂ ತಟ್ಟಿಲ್ಲ.

ಒಂದು ಕಡೆ ಮಾತ್ರ ಹೊರಗಿನ ಸಾಧನ ಇಲ್ಲಿನ ಕೆಲಸಕ್ಕೆ ಅಚ್ಚು ಹಾಕಿದಂತೆ ಕೂರುತ್ತದೆ: ಗೃಹಪ್ರವೇಶ. ಉಳಿದ ಗಡುವುಗಳು ಜಗ್ಗುತ್ತವೆ, ಮುಹೂರ್ತ ಜಗ್ಗುವುದಿಲ್ಲ. ಲಗ್ನಪತ್ರಿಕೆಯ ಹಾಗೆ ಅದರ ಪತ್ರಿಕೆಯೂ ಅಚ್ಚಾಗಿ ಹಂಚಿಯಾಗಿರುತ್ತದೆ. ಆ ದಿನದಿಂದ ಹಿಂದಕ್ಕೆ ಎಣಿಸುತ್ತಾ ಬಣ್ಣ, ಟೈಲ್ಸು, ವೈರಿಂಗು, ಗಾರೆ ಅಂತ ಪಟ್ಟಿ ಎಳೆಯುವುದಕ್ಕೆ ನೂರು ವರ್ಷದ ಹಿಂದೆ ಹೆನ್ರಿ ಗ್ಯಾಂಟ್ ಪ್ರಚಾರಕ್ಕೆ ತಂದ ಪಟ್ಟಿಚಿತ್ರ ಹೇಳಿ ಮಾಡಿಸಿದ್ದು. ಯಾವ ಕೆಲಸದ ಮೇಲೆ ಯಾವುದು ನಿಂತಿದೆ ಎಂದು ಅದು ತೋರಿಸುವಷ್ಟು ಸ್ಪಷ್ಟವಾಗಿ ನೋಟುಬುಕ್ಕು ತೋರಿಸಲಾರದು. ಅಲ್ಲೂ ಶನಿವಾರದ ಬಟವಾಡೆ ಬರೆಯಲು ಜಾಗವಿಲ್ಲ ಎನ್ನುವುದನ್ನು ಹೇಳಲೇಬೇಕು. ಬಟವಾಡೆ ತಪ್ಪಿದರೆ ಸೋಮವಾರ ಮೇಸ್ತ್ರಿ ಬರುವುದಿಲ್ಲ, ಚಿತ್ರ ಎಷ್ಟೇ ಬಣ್ಣದ್ದಾಗಿದ್ದರೂ. ಬ್ಯಾಂಕಿನವರು ಇದನ್ನು ಹಿಂದೆಯೇ ಅರಿತವರು. ಮನೆ ಸಾಲವನ್ನು ಪಾಯ, ಲಿಂಟಲ್, ಆರ್‌ಸಿಸಿ ಅಂತ ಹಂತ ನೋಡಿಕೊಂಡೇ ಬಿಡುತ್ತಾರೆ.

ಸರ್ಕಾರವೂ ಒಂದು ಕೆಲಸ ನಿರ್ವಹಣೆಯ ವ್ಯವಸ್ಥೆ ಕೊಟ್ಟಿದೆ, ಅದನ್ನು ನಾವು ಆ ಹೆಸರಿನಿಂದ ಕರೆಯುವುದಿಲ್ಲ ಅಷ್ಟೆ. 2012ರ ಏಪ್ರಿಲ್‌ನಿಂದ ರಾಜ್ಯದಾದ್ಯಂತ ಜಾರಿಯಲ್ಲಿರುವ ಸಕಾಲ ಯೋಜನೆಯಲ್ಲಿ ಪ್ರತಿ ಅರ್ಜಿಗೂ ಒಂದು ಸಂಖ್ಯೆ, ಒಂದು ಗಡುವು, ಹೊಣೆ ಹೊರುವ ಒಬ್ಬ ಅಧಿಕಾರಿ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ಸಣ್ಣ ಸಲಹೆಗಾರರ ಕಾಯುವಿಕೆಯ ಬಹುಪಾಲು ಸರ್ಕಾರಿ ಟೇಬಲ್ಲುಗಳ ಮೇಲೇ ಇರುವಾಗ, ಖಾಸಗಿ ಆ್ಯಪಿನಲ್ಲಿ ತಾನೇ ಊಹಿಸಿ ಹಾಕಿದ ಗಡುವಿಗಿಂತ ಈ ಸಂಖ್ಯೆಗೆ ಬೆಲೆ ಹೆಚ್ಚು. ಅದನ್ನು ಗ್ರಾಹಕನ ಹೆಸರಿನ ಪಕ್ಕದಲ್ಲೇ ಬರೆದಿಟ್ಟುಕೊಂಡರೆ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ.

ಹಾಗಾದರೆ ಈ ಕಚೇರಿಗಳಿಗೆ ಯಾವುದು ಸರಿ? ತಿಂಗಳಿಗೆ ತಲೆಗಿಷ್ಟು ಎಂದು ಬಾಡಿಗೆ ವಸೂಲಿ ಮಾಡುವ ಸರಕಿಗಿಂತ ಇಬ್ಬರು ಮೂವರು ಒಟ್ಟಿಗೆ ತೆರೆಯಬಹುದಾದ ಒಂದು ಗೂಗಲ್ ಶೀಟೇ ಮೇಲು. ಕಡತಕ್ಕೊಂದು ಸಾಲು: ಹೆಸರು, ಊರು, ಕೆಲಸ, ಎಲ್ಲಿದೆ, ಸಕಾಲ ಸಂಖ್ಯೆ, ತರಬೇಕಾದ್ದು, ಮುಂಗಡ, ಬಾಕಿ. ಚೇಣಿ ಪುಸ್ತಕದ ಎಡಪುಟವೂ ಬಲಪುಟವೂ ಮತ್ತೆ ಒಂದಾಗುತ್ತವೆ. ಇದಕ್ಕೆ ಚಂದವಿಲ್ಲ, ತಾನಾಗಿ ಎಚ್ಚರಿಸುವುದಿಲ್ಲ, ಒಂದು ಕಾಲಂ ಮಾತ್ರ ಆರಿಸಿ ಅಕಾರಾದಿಗೆ ಜೋಡಿಸಿದರೆ ಒಬ್ಬರ ಬಾಕಿ ಇನ್ನೊಬ್ಬರ ಹೆಸರಿಗೆ ಹೋಗಿ ಕೂರುತ್ತದೆ. ನುಡಿ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಟೈಪಿಸಿದ ಹೆಸರುಗಳನ್ನು ತಂದು ಸುರಿದರೆ ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ. ಯೂನಿಕೋಡಿನಲ್ಲೇ ಮೊದಲಿನಿಂದ ಹೊಡೆಯಬೇಕು. ಹೊಡೆದ ಮೇಲೂ ಅಜ್ಜಂಪುರದ ಸುತ್ತಿನ ಒಂದೇ ಊರಿನಲ್ಲಿ ನಾಲ್ವರು ಮಂಜಪ್ಪಂದಿರು ಸಿಗುತ್ತಾರೆ. ಹಲವು ತಂತ್ರಾಂಶಗಳು ಫೋನ್ ನಂಬರಿನಿಂದ ಮನುಷ್ಯನನ್ನು ಗುರುತಿಸುತ್ತವೆ, ಆದರೆ ಕೊಟ್ಟ ನಂಬರು ಎಷ್ಟೋ ಸಲ ಪೀಣ್ಯದ ಕಾರ್ಖಾನೆಯಲ್ಲಿರುವ ಮೊಮ್ಮಗನದು. ಸಂದೇಶ ಅವನಿಗೆ ಹೋಗುತ್ತದೆ, ಅಜ್ಜ ಬಸ್ಸಿಳಿದು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಹಾಗಾಗಿ ಫೋನಿನ ಕಾಲಂ ಪಕ್ಕದಲ್ಲಿ ಇನ್ನೊಂದು ಕಾಲಂ ಬೇಕು: ಯಾರಿಗೆ ಹೇಳಬೇಕು, ಯಾವ ಬಸ್ಸಿಗೆ ಬರುತ್ತಾರೆ.